ಅವ್ವ ನೋಡಿದ ಜರ್ಮನ್ ಪತ್ತೇದಾರ

ಮೊನ್ನೆ ಮಧ್ಯಾಹ್ನ ಮಾತ್ರೆಗಳ ತಟ್ಟೆ ಹಿಡಿದು ಜರ್ಮನಿಯ ಈ ವೃದ್ಧಾಶ್ರಮದಲ್ಲಿ ಅಜ್ಜಿಯೊಬ್ಬರ ಕೋಣೆಗೆ ಹೋದಾಗ ಅವರ ಟಿವಿಯಲ್ಲಿ ಮಳೆ ಸುರಿಯುತ್ತಿತ್ತು. ಯಾವುದೋ ಹಳೆಯ ಧಾರಾವಾಹಿ. ಸೊರಗಿದ ಮೈಯ ಗಂಡಸೊಬ್ಬ ಕೋಟಿನ ಕಾಲರ್ ಎತ್ತಿಕೊಂಡು, ಅರ್ಧ ತಿಂದ ಬ್ರೆಡ್ಡು ಕೈಯಲ್ಲಿ ಹಿಡಿದು, ಬಂದರಿನ ಪಕ್ಕದ ರಸ್ತೆಯಲ್ಲಿ ನಡೆದು ಬರುತ್ತಿದ್ದ. ಅವನು ಬಾಯಿ ತೆರೆಯುವ ಮೊದಲೇ ಏನು ಹೇಳುತ್ತಾನೆಂದು ನನಗೆ ಗೊತ್ತಿತ್ತು. ಅವನ ಜೊತೆಗೇ ಆ ವಾಕ್ಯ ಹೇಳಿಬಿಟ್ಟೆ. ಅಜ್ಜಿ ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಇದು ನಿಮ್ಮ ದೇಶದಲ್ಲೂ ಬರುತ್ತಿತ್ತೇ ಎಂದು ಕೇಳಿದರು. ಇಲ್ಲ, ಈ ಕಂತೊಂದೇ ಗೊತ್ತು, ಇದನ್ನು ನಮ್ಮವ್ವನೂ ನೋಡಿದ್ದಾಳೆ ಎಂದೆ. ಅವರು ನಕ್ಕರು. ನಾನು ನೀರಿನ ಲೋಟ ಅವರ ಕೈಗಿಟ್ಟು ಹೊರಗೆ ಬಂದೆ. ಆ ದಿನವಿಡೀ ನನ್ನ ಮೂಗಿಗೆ ಬೆಟಗೇರಿಯ ಮನೆಯ ಒದ್ದೆ ನೂಲಿನ, ಹುಳಿ ಬಂದ ಗಂಜಿಯ ವಾಸನೆ ಬರುತ್ತಲೇ ಇತ್ತು.

ಅದು ನಾನು ಜರ್ಮನ್ ಕಲಿತ ವರ್ಷದ ಮಳೆಗಾಲ. ಗದಗಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಜೊತೆಯಲ್ಲಿ ಓದಿದ ಇಬ್ಬರು ಹುಡುಗಿಯರು ಆಗಲೇ ಜರ್ಮನಿ ಸೇರಿದ್ದರು. ಭಾಷೆಯ ಪರೀಕ್ಷೆ ಪಾಸಾದರೆ ನನಗೂ ದಾರಿಯಿತ್ತು. ಬಸ್ ನಿಲ್ದಾಣದ ಹತ್ತಿರ, ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ದೇಸಾಯಿ ಸರ್ ಪಾಠ ಹೇಳುತ್ತಿದ್ದರು. ಅವರು ಅಲ್ಲಿನ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದವರು. ನಮಗೆ ವ್ಯಾಕರಣ ಬಾಯಿಪಾಠವಾಗಿದ್ದರೂ ಯಾರಾದರೂ ಮಾತಾಡಿದರೆ ಒಂದಕ್ಷರವೂ ಕಿವಿಗೆ ಹತ್ತುತ್ತಿರಲಿಲ್ಲ. ಜೂನಿನಲ್ಲಿ ಮಿರಗದ ಮಳೆ ಹಿಡಿದ ವಾರ ಸರ್ ಎಲ್ಲರಿಗೂ ಪೆನ್‌ಡ್ರೈವ್‌ನಲ್ಲಿ ಒಂದೇ ಒಂದು ಕಂತು ಹಾಕಿಕೊಟ್ಟರು. ಖಾಸಗಿ ಪತ್ತೇದಾರನೊಬ್ಬನ ಕಥೆ.

"ಹತ್ತು ನೋಡಬ್ಯಾಡ್ರಿ, ಇದೊಂದನ್ನ ನೋಡ್ರಿ" ಎಂದರು ಸರ್. "ಈ ಮನುಷ್ಯಾ ಎಲ್ಲಾರ ಜೋಡೀನೂ ಮಾತಾಡ್ತಾನ. ಅಂಗಡಿಯಾಕಿ ಜೋಡಿ, ಪೊಲೀಸರ ಜೋಡಿ, ಕುಡದಾವರ ಜೋಡಿ. ಇವನ ಬೆನ್ನು ಹತ್ತಿ ಅಡ್ಯಾಡ್ರಿ. ಭಾಷಾ ತಾನ ಬರ್ತೈತಿ."

ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ಅವ್ವ. ಪಡಸಾಲೆಯ ಮುಕ್ಕಾಲು ಭಾಗ ಕೈಮಗ್ಗವೇ ಇತ್ತು. ಅಪ್ಪ ತೀರಿಹೋದ ಮೇಲೆ ಅವ್ವ ಅದರಲ್ಲಿ ಕೂರುತ್ತಿದ್ದಳು. ಆ ವರ್ಷದ ಮಳೆ ಜೋರಾಗಿರಲಿಲ್ಲ, ಆದರೆ ಬಿಡುತ್ತಲೂ ಇರಲಿಲ್ಲ. ಜಿಟಿಜಿಟಿ ಹನಿಗೆ ಗಂಜಿ ಹಾಕಿದ ನೂಲು ಒಣಗದೆ, ಮಗ್ಗಕ್ಕೆ ಹೂಡಿದ ಹಾಸಿನ ಎಳೆಗಳು ಪದೇ ಪದೇ ಹರಿಯುತ್ತಿದ್ದವು. ಅವ್ವ ಬೈದುಕೊಳ್ಳುತ್ತಲೇ ಅವನ್ನು ಗಂಟು ಹಾಕುತ್ತಿದ್ದಳು. ನಾನು ಡ್ಯೂಟಿ ಮುಗಿಸಿ ಬಂದು ಗೋಡೆಗೂಡಿನಲ್ಲಿ ಲ್ಯಾಪ್‌ಟಾಪ್ ಇಟ್ಟು, ಕಂತು ಹಾಕಿ, ನೆಲದ ಮೇಲೆ ಕೂರುತ್ತಿದ್ದೆ. ಮೊದಲ ಎರಡು ಮೂರು ದಿನ ಅವ್ವ ತನ್ನ ಪಾಡಿಗೆ ತಾನಿದ್ದಳು. ಆಮೇಲೊಂದು ಸಂಜೆ ಲಾಳಿ ನಿಲ್ಲಿಸಿ ಕೇಳಿದಳು.

"ಆ ಮುದುಕಿ ಯಾಕ ಅಳಾಕತ್ತಾಳವಾ?"

ನಾನು ಹೇಳಿದೆ. ಆ ಮುದುಕಿ ಬಟ್ಟೆ ಹೊಲಿದು ಬದುಕುವವಳು. ಮಗ ಮನೆ ಬಿಟ್ಟು ಹೋಗಿ ಬಹಳ ವರ್ಷವಾಗಿದೆ. ಹುಡುಕಿಕೊಡಿ ಎಂದು ಈ ಮನುಷ್ಯನ ಹತ್ತಿರ ಬಂದಿದ್ದಾಳೆ.

ಅವ್ವ ಮಗ್ಗದಿಂದ ಎದ್ದು ಬಂದು ನನ್ನ ಪಕ್ಕ ಕೂತಳು. "ಮೊದಲಿಂದ ಹಚ್ಚು. ಅಂವಾ ಏನೇನಂತಾನ ಎಲ್ಲಾ ಹೇಳ್ಕೋತ ಹೋಗು."

ನನಗೂ ಒಬ್ಬ ಅಣ್ಣನಿದ್ದ. ಈರಣ್ಣ. ಅಪ್ಪನಿಗೆ ಕೈಮಗ್ಗವೆಂದರೆ ಜೀವ. ಅಣ್ಣ ಅದನ್ನು ಬಿಟ್ಟು ಪವರ್‌ಲೂಮ್ ಕೆಲಸಕ್ಕೆ ಸೇರಿದಾಗ ಅಪ್ಪ ಅವನ ಜೊತೆ ಮಾತು ಬಿಟ್ಟರು. ಒಂದೇ ಮನೆಯಲ್ಲಿ, ಒಂದೇ ಸಾಲಿನಲ್ಲಿ ಉಣ್ಣಲು ಕೂತು, ಒಂದು ವರ್ಷ ಮಾತಿಲ್ಲ. "ಅವಗ ಸಾರು ಬೇಕೇನು ಕೇಳು" ಎಂದು ಅಪ್ಪ ಅವ್ವನಿಗೆ ಹೇಳುತ್ತಿದ್ದರು. ಅವನು ಮಗ್ಗುಲಲ್ಲೇ ಇರುತ್ತಿದ್ದ. ಒಂದು ಮುಂಜಾನೆ ಹುಬ್ಬಳ್ಳಿಗೆ ಹೋಗಿ ಬರುತ್ತೇನೆಂದು ಹೋದವನು ಬರಲಿಲ್ಲ. ಅವನ ಫೋನು ಬಂದ್ ಆಯಿತು. ಅಪ್ಪ ಪೊಲೀಸರಿಗೆ ಹೇಳಿದರು, ಹುಬ್ಬಳ್ಳಿ ಸುತ್ತಿದರು. ಪವರ್‌ಲೂಮ್ ಇರುವಲ್ಲಿ ಇರಬಹುದೆಂದು ಮಹಾರಾಷ್ಟ್ರದ ಇಚಲಕರಂಜಿಗೆ ಹೋಗಿ ವಾರಗಟ್ಟಲೆ ಇದ್ದು ಬಂದರು. ಸಿಗಲಿಲ್ಲ. ಕೊರೊನಾದ ಎರಡನೇ ಅಲೆಯಲ್ಲಿ ಅಪ್ಪ ನಮ್ಮ ಆಸ್ಪತ್ರೆಯಲ್ಲೇ ತೀರಿಕೊಂಡರು. ಮೈಪೂರ್ತಿ ಮುಚ್ಚುವ ಆ ಉಡುಪಿನಲ್ಲಿ ನಾನು ಹಾಸಿಗೆಯ ಹತ್ತಿರ ಹೋದಾಗಲೆಲ್ಲ "ನಿಮ್ಮಣ್ಣ ಬಂದಾನೇನು?" ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ.

ಆ ಸಂಜೆಯ ಮೇಲೆ ಕಂತನ್ನು ಅವ್ವನೂ ನನ್ನಷ್ಟೇ ಸಲ ನೋಡಿದಳು. ಅದರಲ್ಲಿ ಮುದುಕಿಯ ಮಗ ಹಡಗು ಹತ್ತಿ ದೂರದೇಶಕ್ಕೆ ಹೋಗಿದ್ದಾನೆಂದು ಎಲ್ಲರೂ ನಂಬಿರುತ್ತಾರೆ. ಪತ್ತೇದಾರ ಮಾತ್ರ ಹಡಗುಗಳ ಗೊಡವೆಗೆ ಹೋಗದೆ ಸುತ್ತಲಿನ ಊರುಗಳಲ್ಲಿ ವಿಚಾರಿಸುತ್ತಾನೆ. ಊಟದ ಮನೆಗಳಲ್ಲಿ, ಬ್ರೆಡ್ಡಿನ ಅಂಗಡಿಗಳಲ್ಲಿ ಫೋಟೋ ತೋರಿಸುತ್ತಾನೆ. ಕೊನೆಗೆ ಮಗ ಸಿಗುವುದು ಪಕ್ಕದ ಪಟ್ಟಣದ ಮೀನಿನ ಗೋದಾಮಿನಲ್ಲಿ. ನಾನು ಸಿಗಲಿಲ್ಲವೆಂದು ಅವಳಿಗೆ ಹೇಳಿಬಿಡಿ ಎನ್ನುತ್ತಾನೆ ಮಗ. ಪತ್ತೇದಾರ ಮುದುಕಿಯ ಮನೆ ಮುಂದೆ ಕಾರು ನಿಲ್ಲಿಸಿ ಬಹಳ ಹೊತ್ತು ಒಳಗೇ ಕೂತಿರುತ್ತಾನೆ. ಆಮೇಲೆ ಇಳಿದು ಬಾಗಿಲು ಬಡಿಯುತ್ತಾನೆ. ಅವಳು ಬಾಗಿಲು ತೆರೆಯುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ.

"ಏನು ಹೇಳಿದಾ?" ಅವ್ವ ಕೇಳಿದಳು.

"ತೋರ್ಸಂಗಿಲ್ಲಬೇ. ಅಷ್ಟ ಐತಿ."

"ಅದೆಂಥಾ ಮುಗಸೂದು" ಎಂದಳು ಅವ್ವ. ಅವಳಿಗೆ ಸಿಟ್ಟು ಬಂದಿತ್ತು. "ಹೇಳಬೇಕು. ಬರಂಗಿಲ್ಲಂದ್ರೂ ಹೇಳಬೇಕು, ಸತ್ತಾನಂದ್ರೂ ಹೇಳಬೇಕು. ಬಾಗಲಾ ತಗದಾಕಿಗೆ ಬರೇ ಮಾರಿ ತೋರ್ಸಿದ್ರ ಅಕಿ ಏನು ಮಾಡ್ಬೇಕು?"

ಮರುದಿನ ನಾನು ಆಸ್ಪತ್ರೆಗೆ ಹೊರಟಾಗ ಅವ್ವ ಬಾಗಿಲಲ್ಲಿ ನಿಂತು ನಿಧಾನವಾಗಿ ಹೇಳಿದಳು. "ಮಂಜುಳಾ, ನಿಮ್ಮಪ್ಪ ದೂರ ದೂರ ಹುಡುಕಿದ್ರು. ಹತ್ರ ಯಾರೂ ನೋಡೇ ಇಲ್ಲ."

ಹೀಗೆ ನಮ್ಮ ಭಾನುವಾರಗಳು ಶುರುವಾದವು. ನನಗೆ ನಂಬಿಕೆಯಿರಲಿಲ್ಲ. ಇಷ್ಟು ವರ್ಷ ಬಸ್ಸಿನಲ್ಲಿ ಒಂದು ತಾಸಿನ ದಾರಿಯಲ್ಲಿ ಇದ್ದುಕೊಂಡು ಯಾರಾದರೂ ಮನೆಗೆ ಬಾರದೆ ಇರುತ್ತಾರೆಯೇ ಎನಿಸುತ್ತಿತ್ತು. ಆದರೆ ಅವ್ವನನ್ನು ಒಬ್ಬಳೇ ಕಳಿಸುವಂತಿರಲಿಲ್ಲ. ಅಣ್ಣನ ಫೋಟೋ ಒಂದನ್ನು ದೊಡ್ಡದು ಮಾಡಿಸಿ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹಾಕಿಸಿದೆ. ಮೊದಲು ಶಿರಹಟ್ಟಿಗೆ ಹೋದೆವು. ಬಸ್ಸಿನ ಕಿಟಕಿಯಾಚೆ ಎರೆ ಹೊಲಗಳು ಕೆಸರಾಗಿದ್ದವು. ಹೆಸರುಕಾಯಿ ಬಿಡಿಸಲಾಗದೆ ಗಿಡದಲ್ಲೇ ಕಪ್ಪಾಗುತ್ತಿದ್ದವು. ಬಸ್ಸಿಳಿದ ಮೇಲೆ ಪೊಲೀಸ್ ಠಾಣೆಗೆ ಹೋಗೋಣವೇ ಎಂದು ಕೇಳಿದೆ.

"ಆ ಹುಡುಕೋ ಮನುಷ್ಯಾ ಎಲ್ಲೆ ಕೇಳಿದಾ? ಉಣ್ಣೋ ಕಡೆ ಕೇಳಿದಾ" ಎಂದಳು ಅವ್ವ. "ಮನಿ ಬಿಟ್ಟಾವಗೂ ಹಸಿವು ಆಗ್ತೈತಿ."

ಖಾನಾವಳಿಗಳಲ್ಲಿ, ಚಹಾದ ಅಂಗಡಿಗಳಲ್ಲಿ ಅವ್ವ ಫೋಟೋ ಮುಂದೆ ಹಿಡಿದು "ಇವನ್ನ ಎಲ್ಲೆರ ನೋಡೀರೇನ್ರಿ? ನನ್ನ ಮಗಾ ಅದಾನ" ಎನ್ನುತ್ತಿದ್ದಳು. ಕೆಲವರು ಫೋಟೋ ನೋಡದೆಯೇ ತಲೆಯಾಡಿಸಿದರು. ಒಬ್ಬಾಕೆ ನಮ್ಮನ್ನು ಕೂರಿಸಿ ಚಹಾ ಕೊಟ್ಟು, ತನ್ನ ಮೈದುನನೂ ಹೀಗೇ ಹೋದವನು ಬಂದಿಲ್ಲ ಎಂದು ಕಣ್ಣೊರೆಸಿಕೊಂಡಳು. ಶಿರಹಟ್ಟಿಯಲ್ಲಿ ಏನೂ ಸಿಗಲಿಲ್ಲ. ಆದರೆ ಮುಂದಿನ ಭಾನುವಾರ ಅವ್ವ ನನಗಿಂತ ಮೊದಲೇ ಸೀರೆ ಉಟ್ಟು ಕೂತಿದ್ದಳು.

ಲಕ್ಷ್ಮೇಶ್ವರದಲ್ಲಿ, ಸಂತೆಪೇಟೆಯ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸು ಫೋಟೋವನ್ನು ಹಿಟ್ಟಿನ ಕೈಯಲ್ಲೇ ಇಸಿದುಕೊಂಡು ನೋಡಿದಳು.

"ಇಂವ ನಮ್ಮ ಬೆಟಗೇರ್ಯಾ ಅಲ್ಲೇನ್ರಿ?"

ಅವ್ವ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು.

ಅಣ್ಣ ಅಲ್ಲಿ ಶಾಮಿಯಾನಾ ಮಾಬುಸಾಬರ ಹತ್ತಿರ ಕೆಲಸಕ್ಕಿದ್ದನಂತೆ. ಮದುವೆಗಳಿಗೆ ಪೆಂಡಾಲ್ ಕಟ್ಟುವ ಕೆಲಸ. ಊರು ಯಾವುದೆಂದು ಕೇಳಿದವರಿಗೆ ಸುಳ್ಳು ಹೇಳಿರಲಿಲ್ಲ. ಎಲ್ಲರೂ ಅವನನ್ನು ಬೆಟಗೇರ್ಯಾ ಎಂದೇ ಕರೆಯುತ್ತಿದ್ದರು. ನಾವು ಮಾಬುಸಾಬರ ಗೋದಾಮಿಗೆ ಹೋದೆವು. ಒದ್ದೆ ಬಟ್ಟೆಗಳ ರಾಶಿಯ ನಡುವೆ ಕೂತಿದ್ದ ವಯಸ್ಸಾದ ಮನುಷ್ಯ ಎದ್ದು ನಿಂತು ಅವ್ವನಿಗೆ ಕುರ್ಚಿ ಕೊಟ್ಟರು.

"ಚಲೋ ಹುಡುಗಾ ಇದ್ದಾರಿ. ಹರದ ಬಟ್ಟಿ ಎಲ್ಲಾ ಅವನ ರಫೂ ಮಾಡ್ತಿದ್ದಾ" ಎಂದರು. "ಮನ್ಯಾಗ ಯಾರದಾರಪಾ ಅಂದ್ರ ಎಲ್ಲಾರೂ ಅದಾರ ಅಂತಿದ್ದಾ. ಹೋಗಿ ಬಾರಲಾ ಅಂದ್ರ ಹೋಗ್ತೀನಿ ಅಂತಿದ್ದಾ. ಆಮ್ಯಾಲೆ ಮುಂಡರಗಿ ಹುಡುಗೀನ ಲಗ್ನಾ ಆಗಿ ಅಲ್ಲೇ ಹೋದಾ. ಬಸ್‌ಸ್ಟ್ಯಾಂಡ್ ಕಡೆ ಹೂವು ಮಾರ್ತಾಳ ಅಕಿ, ರೇಣುಕಾ ಅಂತ."

ಈಗ ಹೇಗಿದ್ದಾನೆಂದು ಅವ್ವ ಕೇಳಿದಳು. ಮಾಬುಸಾಬರು ನನ್ನತ್ತ ಒಮ್ಮೆ ನೋಡಿ, "ಕೊರೊನಾ ಬಂದ ಮ್ಯಾಲೆ ಖಬರ ಇಲ್ಲರಿ ನನಗ. ನೀವ ಹೋಗಿ ಭೆಟ್ಟಿ ಆಗ್ರಿ" ಎಂದರು. ಅವರಿಗೆ ಆಗಲೇ ಗೊತ್ತಿತ್ತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.

ಆ ವಾರ ಅವ್ವ ಬೇರೆಯೇ ಹೆಂಗಸಾಗಿದ್ದಳು. ಎಳೆ ಹರಿದರೂ ಬೈಯಲಿಲ್ಲ. ಶೇಂಗಾ ಹುರಿದು ಉಂಡಿ ಕಟ್ಟಿದಳು. ಸೊಸೆಗೆಂದು ಬಳೆ ತಂದಳು. ಅಳತೆ ಗೊತ್ತಿಲ್ಲವಲ್ಲ ಎಂದರೆ, "ಹೂವು ಕಟ್ಟೋ ಕೈ, ಸಣ್ಣೂ ಇರ್ತಾವ" ಎಂದಳು.

ಮುಂಡರಗಿಗೆ ಹೋದ ದಿನ ಕಪ್ಪತಗುಡ್ಡದ ಮೇಲೆ ಮೋಡ ಕೂತಿತ್ತು. ಡಂಬಳ ದಾಟುವಾಗ ಮಳೆ ಜೋರಾಯಿತು. ಬಸ್ಸಿಳಿದು ಕೇಳಿದರೆ ಯಾರಾದರೂ ತೋರಿಸುವಷ್ಟು ಹತ್ತಿರದಲ್ಲೇ ರೇಣುಕಾ ಕೂತಿದ್ದಳು. ಕೊಡೆಯ ಕೆಳಗೆ, ಸೇವಂತಿಗೆಯ ಬುಟ್ಟಿ ಮುಂದಿಟ್ಟುಕೊಂಡು. ನನ್ನದೇ ವಯಸ್ಸು. ಅವ್ವ ಫೋಟೋ ತೋರಿಸಲಿಲ್ಲ. "ನಾ ಈರಣ್ಣನ ಅವ್ವರಿ" ಎಂದಳು ಅಷ್ಟೇ.

ರೇಣುಕಾ ಹೂವು ಕಟ್ಟುತ್ತಿದ್ದ ದಾರವನ್ನು ಬಿಟ್ಟು ಎದ್ದಳು. ಅವ್ವನ ಕಾಲು ಮುಟ್ಟಿದಳು. ಮುಟ್ಟಿದವಳು ಮೇಲೇಳಲಿಲ್ಲ. ಅವಳ ಬೆನ್ನು ಅಲುಗುವುದನ್ನು ನೋಡಿ ನನಗೆ ತಿಳಿಯಿತು. ಅವ್ವನಿಗೂ ತಿಳಿದಿರಬೇಕು. ಆದರೂ ಕೇಳಿದಳು.

"ಎಲ್ಲದಾನ?"

"ಇಲ್ಲರಿ ಅತ್ತಿ" ಎಂದಳು ರೇಣುಕಾ.

ಅವಳ ಕೋಣೆ ಹತ್ತಿರದಲ್ಲೇ ಇತ್ತು. ಅಲ್ಲಿ ಗೋಡೆಯ ಮೇಲೆ ಅಣ್ಣನ ಫೋಟೋ ಇತ್ತು, ನಾವು ತಂದದ್ದಕ್ಕಿಂತ ದಪ್ಪಗಾಗಿ, ಮೀಸೆ ಬಿಟ್ಟು ನಗುತ್ತಿದ್ದ. ಅವ್ವ ಅದರ ಕೆಳಗೆ ಗೋಡೆಗೊರಗಿ ಕೂತು, ಉಂಡಿಯ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಅಳಲಿಲ್ಲ. ರೇಣುಕಾ ಒಂದೊಂದಾಗಿ ಹೇಳಿದಳು. ಕೊರೊನಾದಲ್ಲಿ ಹೋದ. ಹೋಗುವ ಮೊದಲು ಎರಡು ದಿನ ಉಸಿರಿಗೆ ಕಷ್ಟಪಟ್ಟ. ಮಕ್ಕಳಾಗಿರಲಿಲ್ಲ. ಆಮೇಲೆ ಬೆಟಗೇರಿಗೆ ಬಂದು ಹೇಳುವ ಧೈರ್ಯ ತನಗಾಗಲಿಲ್ಲ.

"ಅಪ್ಪ ತಾನಾಗಿ ಒಮ್ಮೆ ಮಾತಾಡ್ಸಲಿ, ಹೋಗ್ತೀನಿ ಅಂತಿದ್ರು" ಎಂದಳು.

"ನಿಮ್ಮ ಮಾವಾ ಅವನ್ನ ಹುಡುಕ್ಕೋತ ಇಚಲಕರಂಜಿ ತನಾ ಹೋಗಿದ್ರವಾ" ಎಂದಳು ಅವ್ವ.

"ಅದು ಅವರಿಗೆ ಗೊತ್ತಿರ್ಲಿಲ್ಲರಿ."

ರೇಣುಕಾ ಹಾಲು ತರುತ್ತೇನೆಂದು ಎದ್ದು, ನನಗೆ ಹೊರಗೆ ಬರಲು ಕಣ್ಣಿನಲ್ಲೇ ಹೇಳಿದಳು. ಮಾಳಿಗೆಯ ನೀರು ಸುರಿಯುತ್ತಿದ್ದ ಗೋಡೆಯ ಮಗ್ಗುಲಲ್ಲಿ ನಿಂತು ಉಳಿದದ್ದನ್ನು ಹೇಳಿದಳು. ಬೆಟಗೇರಿಯಿಂದ ಹೂವಿನ ವ್ಯಾಪಾರಕ್ಕೆ ಬರುತ್ತಿದ್ದ ಒಬ್ಬ ಅಜ್ಜನ ಹತ್ತಿರ ಅಣ್ಣ ನಮ್ಮ ಓಣಿಯ ಸುದ್ದಿಯನ್ನು, ಯಾರದೋ ಸುದ್ದಿ ಎಂಬಂತೆ, ಕೇಳಿ ತಿಳಿಯುತ್ತಿದ್ದ. ನಾನು ನರ್ಸ್ ಆದದ್ದೂ ಹಾಗೇ ಗೊತ್ತಾಗಿತ್ತು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದು ತಿಳಿದ ದಿನ ಬೈಕು ಹತ್ತಿ ಗದಗಿಗೆ ಹೊರಟ. ಲಾಕ್‌ಡೌನ್ ಇತ್ತು. ದಾರಿಯಲ್ಲಿ ತಡೆದು ವಾಪಸು ಕಳಿಸಿದರು. ಮಾರನೆಯ ದಿನವೂ ಹೋದ, ಆಗಲೂ ಬಿಡಲಿಲ್ಲ. ಅಪ್ಪ ತೀರಿಕೊಂಡ ಸುದ್ದಿ ಬಂದ ಮೇಲೆ ಅವನಿಗೇ ಜ್ವರ ಹಿಡಿಯಿತು.

"ಗದಗಿಗೆ ಕರಕೊಂಡು ಹೋಗ್ತೀನಿ ಅಂದೆ. ಬ್ಯಾಡ ಅಂದ್ರು" ಎಂದಳು ರೇಣುಕಾ. "ಅಲ್ಲೆ ನನ್ನ ತಂಗಿ ಅದಾಳ. ಮೊನ್ನೆ ಅಪ್ಪನ್ನ ಕಳಿಸ್ಯಾಳ. ಈಗ ನನ್ನ ನೋಡಿದ್ರ ಅಕಿ ತಡಕೊಳ್ಳಂಗಿಲ್ಲ ಅಂದ್ರು. ಕೊಪ್ಪಳಕ್ಕ ಹೊಂಟ್ವಿರಿ. ಅಲ್ಲಿ ಮುಟ್ಟಲಿಲ್ಲ, ದಾರ್ಯಾಗ ಹೋದ್ರು."

ನಾನು ಆ ದಿನಗಳಲ್ಲಿ ಆ ವಾರ್ಡಿನಲ್ಲೇ ಇದ್ದೆ. ಒಳಗೆ ಬರುವ ಪ್ರತಿಯೊಬ್ಬರ ಮುಖವನ್ನೂ ನೋಡಿ, ಹೆಸರು ಕೇಳಿ, ಹಾಸಿಗೆ ಕೊಡುತ್ತಿದ್ದವಳು ನಾನೇ.

"ಅತ್ತಿಯವರಿಗೆ ಹೇಳಬೇಕೇನು ಇದನ್ನ?" ರೇಣುಕಾ ಕೇಳಿದಳು. ನಾನು ಹಾಲಿನ ಪಾತ್ರೆಯನ್ನು ಅವಳ ಕೈಯಿಂದ ಇಸಿದುಕೊಂಡು ಮಳೆಗಿಳಿದೆ.

ಮರುಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಕೂತಳು. ಊರು ದಾಟಿದ ಮೇಲೆ, ನನ್ನ ಕಡೆ ತಿರುಗದೆಯೇ, "ಹೊರಗ ಕರದು ಏನು ಹೇಳಿದ್ಲು ಅಕಿ?" ಎಂದಳು. ಬಾಗಿಲು ತೆರೆದು ನಿಂತ ಹೆಂಗಸಿಗೆ ಏನು ಹೇಳಬೇಕೆಂದು ಅವಳೇ ನನಗೆ ಹೇಳಿಕೊಟ್ಟಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಬೈಕಿನಲ್ಲಿ ಬಂದದ್ದು, ಎರಡು ಸಲ ವಾಪಸು ಹೋದದ್ದು, ನನ್ನ ಸಲುವಾಗಿ ಗದಗು ಬೇಡವೆಂದದ್ದು. ಹೇಳುತ್ತಾ ನನಗೇ ಅಳು ತಡೆಯಲಾಗಲಿಲ್ಲ. ಅವ್ವ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಹಿಡಿದಳು. ಬಸ್ಸು ಡಂಬಳದಲ್ಲಿ ನಿಂತು, ಜನ ಹತ್ತಿ ಇಳಿದು, ಮತ್ತೆ ಹೊರಟಿತು.

"ಅಂದ್ರ ನಮ್ಮ ಸುದ್ದಿ ಕೇಳ್ತಿದ್ದಾ" ಎಂದಳು ಆಮೇಲೆ. "ನಮ್ಮನ್ನ ಬಿಟ್ಟಿದ್ದಿಲ್ಲ ಅಂವಾ."

ಬೆಟಗೇರಿಗೆ ಬರುವವರೆಗೂ ಅದೊಂದು ಮಾತನ್ನೇ ಮತ್ತೆ ಮತ್ತೆ ಆಡಿದಳು.

ಪರೀಕ್ಷೆ ಹತ್ತಿರ ಬಂದಿತ್ತು. ತರಗತಿಯಲ್ಲಿ ಸರ್ ಒಬ್ಬೊಬ್ಬರನ್ನೇ ನಿಲ್ಲಿಸಿ ಕುಟುಂಬದ ಬಗ್ಗೆ ಜರ್ಮನ್‌ನಲ್ಲಿ ಹೇಳಿಸುತ್ತಿದ್ದರು. ಮೊದಲೆಲ್ಲ ನಾನು, ನನಗೊಬ್ಬ ಅಣ್ಣ ಇದ್ದಾನೆ ಎನ್ನುತ್ತಿದ್ದೆ. ಆ ದಿನ ಮಾತ್ರ, ಒಬ್ಬ ಅಣ್ಣ ಇದ್ದ ಎಂದೆ. ಸರ್ ತಪ್ಪು ತಿದ್ದಿದರು. "ವರ್ತಮಾನಕಾಲ ಹೇಳವಾ." ನಾನು, ಅಲ್ಲ ಸರ್, ಸರಿಯಾಗೇ ಹೇಳಿದ್ದೇನೆ ಎಂದೆ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಕುಂಡ್ರವಾ" ಎಂದರು. ಪರೀಕ್ಷೆಯಲ್ಲೂ ಹಾಗೇ ಹೇಳಿದೆ. ಪಾಸಾದೆ.

ಶ್ರಾವಣದಲ್ಲಿ ಒಂದು ದಿನ ರೇಣುಕಾ ತಾನೇ ಬೆಟಗೇರಿಗೆ ಬಂದಳು. ಅವಳು ಗಂಡನ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಮಗ್ಗದ ಹತ್ತಿರ ನಿಂತು ಹಾಸಿನ ಮೇಲೆ ಕೈಯಾಡಿಸಿ, "ಅವರು ಇಲ್ಲೇ ಕುಂಡ್ರುತಿದ್ರೇನ್ರಿ?" ಎಂದು ಕೇಳಿದಳು. ಅವ್ವ ಹೂಂ ಎಂದಳು. ಆಮೇಲೆ ರೇಣುಕಾ ತಾನು ಬಂದ ಕಾರಣ ಹೇಳಿದಳು. ಅವಳ ಅಣ್ಣ ಬೆಳ್ಳಟ್ಟಿಯಲ್ಲಿ ಒಂದು ಸಂಬಂಧ ನೋಡಿದ್ದ. ಹೆಂಡತಿ ತೀರಿಕೊಂಡ, ಹೊಲ ಮಾಡಿಕೊಂಡಿರುವ ಗಂಡು.

"ನಿಮಗ ಹೇಳದ ಹೆಂಗ ಆಗ್ಲಿರಿ ಅತ್ತಿ. ನೀವು ಬ್ಯಾಡ ಅಂದ್ರ ಇಲ್ಲ."

ಅವ್ವ ಎದ್ದು ಅಡುಗೆಮನೆಗೆ ಹೋದಳು. ನನಗೆ ಭಯವಾಯಿತು. ಸಿಕ್ಕ ಮಗನ ಗುರುತು ಇದೊಂದೇ ಉಳಿದಿತ್ತು. ಅದೂ ಹೊರಟು ನಿಂತಿತ್ತು. ಹೊರಗೆ ಬಂದವಳ ಕೈಯಲ್ಲಿ ಚಹಾದ ಕಪ್ಪಿತ್ತು. ರೇಣುಕಾಳಿಗೆ ಕೊಟ್ಟು ಎದುರಿಗೆ ಕೂತಳು.

"ಚಲೋ ಮನುಷ್ಯಾ ಅದಾನೇನು?"

"ಅದಾರರಿ."

"ಮಾತಾಡ್ತಾನೇನು ನಿನ್ನ ಜೋಡಿ?"

"ಮಾತಾಡ್ತಾರರಿ."

"ಹಂಗಾರ ಹೋಗು" ಎಂದಳು ಅವ್ವ.

ಆಗ ಮಗ್ಗದ ಮೇಲಿದ್ದದ್ದು ಕೆಂಪು ಸೀರೆ. ಅಂಗಡಿಯವರಿಗೆ ಕೊಡಬೇಕಾದದ್ದು. ಅವ್ವ ಅದನ್ನು ನೇಯ್ದು ಮುಗಿಸಿ ಅಂಗಡಿಗೆ ಕಳಿಸಲಿಲ್ಲ. ಮಡಿಚಿ, ಬಳೆಗಳ ಜೊತೆಗೆ ಚೀಲಕ್ಕೆ ಹಾಕಿಕೊಂಡಳು.

ಬೆಳ್ಳಟ್ಟಿಯ ಗುಡಿಯಲ್ಲಿ ಹತ್ತಾರು ಜನ ಸೇರಿದ್ದರು ಅಷ್ಟೇ. ಅಕ್ಕಿಕಾಳು ಬಿದ್ದವು, ತಾಳಿ ಕಟ್ಟಿದರು. ಅವ್ವ ಕಂಬದ ಹಿಂದೆ, ಹೆಂಗಸರಿಂದ ದೂರ ಕೂತಿದ್ದಳು. ಹೊರಡುವ ಹೊತ್ತಿಗೆ ಉಡಿ ತುಂಬಬೇಕಾಯಿತು. ರೇಣುಕಾಳಿಗೆ ತಾಯಿ ಇರಲಿಲ್ಲ. ಯಾರು ತುಂಬಬೇಕೆಂದು ಮಾತು ನಡೆಯುತ್ತಿರುವಾಗ ಅವಳೇ ಎದ್ದು ಕಂಬದ ಹತ್ತಿರ ಬಂದು ಸೆರಗೊಡ್ಡಿ ನಿಂತಳು. ಉಟ್ಟದ್ದು ಆ ಕೆಂಪು ಸೀರೆಯನ್ನೇ.

"ನೀವು ತುಂಬ್ರಿ."

"ನಾ ತುಂಬಬಾರದವಾ" ಎಂದಳು ಅವ್ವ. "ಗಂಡ ಇಲ್ಲದಾಕಿ ನಾ."

"ನಿನ್ನಿ ತನಾ ನಾನೂ ಅಂಥಾಕೀನ ಇದ್ನಲ್ಲರಿ."

ಅವ್ವ ಎದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು ಒಂದೊಂದಾಗಿ ಸೆರಗಿಗೆ ಹಾಕಿದಳು. ಸ್ವಲ್ಪ ಅಕ್ಕಿ ನೆಲಕ್ಕೆ ಚೆಲ್ಲಿತು. ಮತ್ತೆ ಬೊಗಸೆ ತುಂಬಿ ಹಾಕಿದಳು. ರೇಣುಕಾ ಸೆರಗು ಕಟ್ಟಿಕೊಂಡು ಕಾಲು ಮುಟ್ಟಿದಾಗ ಅವಳ ಗಲ್ಲ ಹಿಡಿದು "ಹೋಗಿ ಬಾ ತಂಗಿ" ಎಂದಳು.

ಗಾಡಿ ಕೆಸರಿನಲ್ಲಿ ನಿಧಾನಕ್ಕೆ ಹೋಯಿತು. ಹನಿ ಬೀಳುತ್ತಿತ್ತು. ನಾನು ಕೊಡೆ ಹಿಡಿದು ಹತ್ತಿರ ಹೋದಾಗ ಅವ್ವ ರಸ್ತೆಯನ್ನೇ ನೋಡುತ್ತಾ ನಿಂತಿದ್ದಳು.

"ಈರಣ್ಣ ಅವತ್ತ ಹೋಗ್ಬೇಕಾದ್ರ ನಾ ಒಳಗ ನೂಲು ಸುತ್ತಾಕತ್ತಿದ್ದೆ" ಎಂದಳು. "ಹೋಗಿ ಬರ್ತೀನಿ ಯವ್ವಾ ಅಂದಾ. ಹೂಂ ಅಂದೆ. ಹೋಗಿ ಬಾ ಅನ್ಲಿಲ್ಲ."

ಅಷ್ಟು ಹೇಳಿ, ಮುಂಡರಗಿಯಲ್ಲೂ ಅಳದಿದ್ದ ಅವ್ವ, ಬೆಳ್ಳಟ್ಟಿಯ ಗುಡಿಯ ಮುಂದೆ ನನ್ನ ಹೆಗಲಿಗೆ ಹಣೆ ಹಚ್ಚಿ ಅತ್ತಳು.